ಮಾದಕ ವಸ್ತುಗಳ ತಡೆ: ಸೈನ್ಯದ ನೆರವು, ಸಮಾಜದ ಹೊಣೆ

ಮಾದಕ ವಸ್ತುಗಳ ಬಗ್ಗೆ ನೀವು ಶಾಲೆಯಲ್ಲಿ, ಕಾಲೇಜಿನಲ್ಲಿ, ಕಿರುತೆರೆಯಲ್ಲಿ ಸಾಕಷ್ಟು ಎಚ್ಚರಿಕೆಯ ಮಾತುಗಳನ್ನು ಕೇಳಿರುತ್ತೀರಿ. ಅವುಗಳಿಂದ ದೇಹಕ್ಕೂ ಮನಸ್ಸಿಗೂ ಆಗುವ ಹಾನಿಯನ್ನು ಮತ್ತೊಮ್ಮೆ ಪಟ್ಟಿಮಾಡುವುದು ನನ್ನ ಇಂದಿನ ಉದ್ದೇಶವಲ್ಲ. ಈ ವಿಷಯದ ಚರ್ಚೆ ನಡೆದಾಗಲೆಲ್ಲ ಯಾರಾದರೊಬ್ಬರು ಎದ್ದು ಕೇಳುವ ಪ್ರಶ್ನೆಯೊಂದಿದೆ: "ಇಷ್ಟು ದೊಡ್ಡ ಪಿಡುಗು ಪೊಲೀಸರ ಕೈಮೀರಿದ್ದರೆ ಅದನ್ನು ಸೈನ್ಯಕ್ಕೇ ಒಪ್ಪಿಸಿಬಿಡಬಾರದೇ?" ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಉತ್ತರವನ್ನು ಊಹಿಸಬೇಕಾಗಿಲ್ಲ. ಹಲವು ದಶಕಗಳಿಂದ ತನ್ನ ಸೈನ್ಯವನ್ನು ಈ ಕೆಲಸಕ್ಕೆ ಬಳಸಿಕೊಂಡಿರುವ ದೇಶವೊಂದಿದೆ. ಅದು ಅಮೆರಿಕ. ಅಲ್ಲಿನ ಅನುಭವ ಏನು ಹೇಳುತ್ತದೆ ಎಂಬುದನ್ನು ಇಂದು ನೋಡೋಣ.

ಮೊದಲಿಗೆ ಕಾನೂನಿನ ಮಾತು. ಸೈನಿಕನ ಕೆಲಸ ಶತ್ರುವನ್ನು ಎದುರಿಸುವುದು. ಪೊಲೀಸನ ಕೆಲಸ ತನ್ನದೇ ದೇಶದ ಪ್ರಜೆಯೊಡನೆ ವ್ಯವಹರಿಸುವುದು. ಆರೋಪ ರುಜುವಾಗುವ ತನಕ ಆ ಪ್ರಜೆ ನಿರಪರಾಧಿ. ಇವೆರಡು ಕೆಲಸಗಳೂ ಒಂದೇ ಕೈಗೆ ಸಿಗಬಾರದು ಎಂಬ ಎಚ್ಚರದಿಂದ ಅಮೆರಿಕದ ಸಂಸತ್ತು 1878ರಲ್ಲಿ ಒಂದು ಕಾಯಿದೆ ಮಾಡಿತು. ಅದರ ಹೆಸರು ಪಾಸಿ ಕಾಮಿಟೇಟಸ್ ಕಾಯಿದೆ. ಸಂವಿಧಾನವಾಗಲಿ ಸಂಸತ್ತಾಗಲಿ ಸ್ಪಷ್ಟವಾಗಿ ಅನುಮತಿ ಕೊಟ್ಟ ಸಂದರ್ಭಗಳ ಹೊರತು, ಕೇಂದ್ರ ಸರ್ಕಾರದ ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸುವುದು ಈ ಕಾಯಿದೆಯ ಪ್ರಕಾರ ಅಪರಾಧ.

ಮುಂದೆ ಮಾದಕ ವಸ್ತುಗಳ ಕಳ್ಳಸಾಗಣೆ ಹೆಚ್ಚಿದಾಗ ಈ ಬೇಲಿಯನ್ನು ಕಿತ್ತುಹಾಕಲಿಲ್ಲ. ಅದರಲ್ಲೊಂದು ಬಾಗಿಲನ್ನು ಮಾತ್ರ ತೆರೆದರು. 1981ರ ತಿದ್ದುಪಡಿಯಿಂದಾಗಿ ಸೈನ್ಯವು ಪೊಲೀಸರಿಗೆ ಮಾಹಿತಿ ಕೊಡಬಹುದು, ಉಪಕರಣ ಒದಗಿಸಬಹುದು, ತರಬೇತಿ ನೀಡಬಹುದು. ಆದರೆ ಮನೆ ಶೋಧಿಸುವುದು, ವಸ್ತುಗಳನ್ನು ಜಪ್ತಿ ಮಾಡುವುದು, ಮನುಷ್ಯರನ್ನು ಬಂಧಿಸುವುದು ಸೈನಿಕರ ಕೆಲಸವಲ್ಲ. 1989ರ ಹೊತ್ತಿಗೆ ಆಕಾಶ ಮತ್ತು ಸಮುದ್ರ ಮಾರ್ಗಗಳಲ್ಲಿ ನಡೆಯುವ ಸಾಗಣೆಯನ್ನು ಪತ್ತೆಹಚ್ಚಿ ಗಮನಿಸುವ ಮುಖ್ಯ ಹೊಣೆ ರಕ್ಷಣಾ ಇಲಾಖೆಗೆ ಬಂದಿತು. ಗಮನಿಸುವ ಹೊಣೆ ಮಾತ್ರ. ಹಿಡಿಯುವ ಹೊಣೆ ಅಲ್ಲ.

ಇದೇ ಕಾಲದಲ್ಲಿ ನ್ಯಾಷನಲ್ ಗಾರ್ಡ್ ಎಂಬ ಪಡೆಯೂ ಈ ಕಾರ್ಯಕ್ಕೆ ಇಳಿಯಿತು. ಈ ಪಡೆಯ ಬಹುಪಾಲು ಯೋಧರು ಅರೆಕಾಲಿಕರು. ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಸಮವಸ್ತ್ರ ತೊಟ್ಟು ತರಬೇತಿ ಪಡೆಯುತ್ತಾರೆ. ಉಳಿದ ದಿನಗಳಲ್ಲಿ ಅವರೇ ಊರಿನ ಉಪಾಧ್ಯಾಯರು, ಮೆಕ್ಯಾನಿಕ್‌ಗಳು, ರೈತರು. ಈ ಪಡೆ ಆಯಾ ರಾಜ್ಯದ ಗವರ್ನರನ ಅಧೀನದಲ್ಲಿರುತ್ತದೆ. ಅಲ್ಲಿನ ಗವರ್ನರ್ ನಮ್ಮ ಮುಖ್ಯಮಂತ್ರಿಯ ಹಾಗೆ ಜನರಿಂದ ಆಯ್ಕೆಯಾದವನು. ಅಗತ್ಯ ಬಿದ್ದಾಗ ಅಧ್ಯಕ್ಷರು ಇದನ್ನು ಕೇಂದ್ರದ ಸೇವೆಗೆ ಕರೆಯಬಹುದು. ರಾಜ್ಯದ ಅಧೀನದಲ್ಲಿರುವ ತನಕ 1878ರ ಕಾಯಿದೆ ಈ ಪಡೆಗೆ ಅನ್ವಯಿಸುವುದಿಲ್ಲ. ಹಾಗೆಂದು ಲಗಾಮೇ ಇಲ್ಲವೆಂದಲ್ಲ. ಮಾದಕ ವಸ್ತು ತಡೆಗಾಗಿ ಗಾರ್ಡ್ ಏನೇನು ಮಾಡಲಿದೆ ಎಂಬ ಯೋಜನೆಯನ್ನು ಗವರ್ನರ್ ಸಲ್ಲಿಸಬೇಕು. ಅದು ರಾಜ್ಯದ ಕಾನೂನಿಗೆ ಒಪ್ಪುತ್ತದೆಂದು ಅಟಾರ್ನಿ ಜನರಲ್ ದೃಢೀಕರಿಸಬೇಕು. ಕೇಂದ್ರದ ರಕ್ಷಣಾ ಸಚಿವರು ಅದನ್ನು ಪರಿಶೀಲಿಸಬೇಕು. ಆ ನಂತರವೇ ಹಣ ಬಿಡುಗಡೆ.

ಈ ಯೋಧರು ಮಾಡುವ ಕೆಲಸವನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಹೆಚ್ಚಿನವರ ಕೈಯಲ್ಲಿ ಬಂದೂಕಿನ ಬದಲು ಕಂಪ್ಯೂಟರ್ ಇರುತ್ತದೆ. ದೂರವಾಣಿ ದಾಖಲೆ, ಬ್ಯಾಂಕ್ ವ್ಯವಹಾರ, ವಾಹನಗಳ ಓಡಾಟ ಇವೆಲ್ಲವನ್ನೂ ಹೊಂದಿಸಿ ಯಾವ ಜಾಲ ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂದು ಪೊಲೀಸರಿಗೆ ತಿಳಿಸಿಕೊಡುವುದು ಒಂದು ಕೆಲಸ. ಭಾಷೆ ಬಲ್ಲವರು ಅನುವಾದ ಮಾಡಿಕೊಡುತ್ತಾರೆ. ಇನ್ನು ಕೆಲವರು ಹೆಲಿಕಾಪ್ಟರಿನಿಂದ ನೆಲವನ್ನು ವೀಕ್ಷಿಸುತ್ತಾರೆ.

ಕ್ಯಾಮೆರಾದೊಡನೆ ಒಡನಾಡುವ ನನಗೆ ಈ ಕೊನೆಯ ಕೆಲಸದಲ್ಲಿ ವಿಶೇಷ ಕುತೂಹಲ. ನಮ್ಮ ಸ್ಟುಡಿಯೋದ ಕ್ಯಾಮೆರಾಕ್ಕೆ ಬೆಳಕು ಬೇಕು. ಹೆಲಿಕಾಪ್ಟರಿನ ಕ್ಯಾಮೆರಾಕ್ಕೆ ಬೆಳಕು ಬೇಡ, ಶಾಖ ಸಾಕು. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಅವಗೆಂಪು ಕಿರಣಗಳನ್ನು ಹೊರಸೂಸುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಕಣ್ಣಿಗೆ ಕಾಣದ ಆ ಕಿರಣಗಳನ್ನು ಗ್ರಹಿಸಿ ಚಿತ್ರವಾಗಿಸುವ ಉಪಕರಣಕ್ಕೆ ಕಗ್ಗತ್ತಲೆಯಲ್ಲೂ ಮನುಷ್ಯನ ದೇಹ, ಆಗತಾನೇ ನಿಲ್ಲಿಸಿದ ವಾಹನದ ಎಂಜಿನ್, ಇವೆಲ್ಲ ಸುತ್ತಲಿನ ತಣ್ಣನೆಯ ನೆಲದಿಂದ ಬೇರೆಯಾಗಿ ಎದ್ದು ಕಾಣುತ್ತವೆ. ಆದರೆ ಒಂದು ಮಾತನ್ನು ಮರೆಯಬಾರದು. ಅಲ್ಲೊಬ್ಬ ಮನುಷ್ಯನಿದ್ದಾನೆ ಎಂದು ಕ್ಯಾಮೆರಾ ಹೇಳಬಲ್ಲದು. ಅವನು ಯಾರು, ಅಲ್ಲಿಗೆ ಏಕೆ ಬಂದ ಎಂದು ಅದು ಹೇಳಲಾರದು.

ಈ ವ್ಯತ್ಯಾಸ ಎಷ್ಟು ದುಬಾರಿಯಾದೀತು ಎಂಬುದಕ್ಕೆ 1997ರ ಒಂದು ಘಟನೆ ಸಾಕ್ಷಿ. ಗಡಿ ಪೊಲೀಸರಿಗೆ ನೆರವಾಗಲೆಂದು ಕೇಂದ್ರದ ಸೈನ್ಯವು 1989ರಲ್ಲಿ ಒಂದು ಜಂಟಿ ಕಾರ್ಯಪಡೆಯನ್ನು ರಚಿಸಿತ್ತು. ಅದರ ಪರವಾಗಿ ನಾಲ್ವರು ಮರೀನ್ ಯೋಧರು ಮೆಕ್ಸಿಕೊ ಗಡಿಗೆ ಹೊಂದಿಕೊಂಡ ಟೆಕ್ಸಾಸಿನ ರೆಡ್‌ಫರ್ಡ್ ಎಂಬ ಪುಟ್ಟ ಊರಿನ ಬಳಿ ಗಿಡಗಂಟಿಗಳ ವೇಷದಲ್ಲಿ ಮರೆಯಾಗಿ ಕಾವಲಿದ್ದರು. ಮೇ 20ರಂದು ಆ ಊರಿನ 18 ವರ್ಷದ ವಿದ್ಯಾರ್ಥಿಯೊಬ್ಬ ಎಂದಿನಂತೆ ಮನೆಯ ಮೇಕೆಗಳನ್ನು ಮೇಯಿಸಲು ಹೊರಟ. ಕಾಡುನಾಯಿಗಳಿಂದ ಮೇಕೆಗಳನ್ನು ಕಾಯಲು ಅವನ ಬಳಿ ಒಂದು ಹಳೆಯ ಬಂದೂಕಿತ್ತು. ಅವನು ತಮ್ಮತ್ತ ಗುಂಡು ಹಾರಿಸಿದನೆಂದು ಯೋಧರು ಮುಂದೆ ಹೇಳಿದರು. ಪೊದೆಯ ಮರೆಯಲ್ಲಿ ತನ್ನದೇ ದೇಶದ ಸೈನಿಕರಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ ಎಂಬುದು ಅವನ ಮನೆಯವರ ಮಾತು. ಒಬ್ಬ ಯೋಧನ ಗುಂಡಿಗೆ ಆ ಹುಡುಗ ಸತ್ತ. ಮಾದಕ ವಸ್ತುಗಳಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ.

ಆ ಯೋಧನ ಮೇಲೆ ಮೊಕದ್ದಮೆ ನಡೆಯಲಿಲ್ಲ. ಅವನೂ ತರುಣನೇ, ತನಗೆ ಕಲಿಸಿದಂತೆ ನಡೆದುಕೊಂಡಿದ್ದ. ತೊಡಕು ಇರುವುದೂ ಅಲ್ಲಿಯೇ. ಎದುರಿಗೆ ಬಂದವನನ್ನು ಕೂಗಿ, ಮಾತನಾಡಿಸಿ, ವಿಚಾರಿಸುವುದು ಪೊಲೀಸನ ಶಿಕ್ಷಣ. ಅಪಾಯವನ್ನು ಅಲ್ಲಿಯೇ ಮುಗಿಸುವುದು ಸೈನಿಕನ ಶಿಕ್ಷಣ. ಈ ಸಾವಿನ ನಂತರ ಗಡಿಯಲ್ಲಿ ಸಶಸ್ತ್ರ ಸೈನಿಕರ ನೆಲಗಾವಲನ್ನು ರಕ್ಷಣಾ ಇಲಾಖೆ ನಿಲ್ಲಿಸಿತು. 1878ರ ಕಾಯಿದೆಯ ಹಿಂದಿನ ವಿವೇಕ ಏನೆಂಬುದು ನೂರಾ ಹತ್ತೊಂಬತ್ತು ವರ್ಷಗಳ ನಂತರ ಒಂದು ಹಳ್ಳಿಗೆ ಹೀಗೆ ತಿಳಿಯಬೇಕಾಯಿತು.

ಇರಲಿ, ಇಷ್ಟೆಲ್ಲ ಕಾವಲಿನಿಂದ ಮಾದಕ ವಸ್ತು ಬರುವುದು ನಿಂತಿತೇ? ಇಲ್ಲ. ಅಮೆರಿಕದಲ್ಲಿ ಅತಿಸೇವನೆಯಿಂದ ಸತ್ತವರ ಸಂಖ್ಯೆ 2021ರಲ್ಲಿ ಒಂದು ಲಕ್ಷವನ್ನು ದಾಟಿತು. ಆ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಫೆಂಟಾನಿಲ್‌ನಂತಹ, ಪ್ರಯೋಗಶಾಲೆಯಲ್ಲಿ ತಯಾರಾಗುವ ವಸ್ತುಗಳು. ಫೆಂಟಾನಿಲ್ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣ. ಎರಡು ಮಿಲಿಗ್ರಾಂ ಸಹ ಒಬ್ಬನ ಪ್ರಾಣ ತೆಗೆಯಬಹುದು. ನೀವೇ ಲೆಕ್ಕ ಹಾಕಿ. ಒಂದು ಕಿಲೋಗ್ರಾಂನಲ್ಲಿ ಹತ್ತು ಲಕ್ಷ ಮಿಲಿಗ್ರಾಂ; ಅಂದರೆ ಐದು ಲಕ್ಷ ಮಾರಕ ಪ್ರಮಾಣಗಳು. ಇದಕ್ಕೆ ಹೊಲ ಬೇಡ, ಆದ್ದರಿಂದ ಆಕಾಶದಿಂದ ನೋಡಿದರೆ ಬೆಳೆ ಕಾಣುವುದಿಲ್ಲ. ದೊಡ್ಡ ಹಡಗೂ ಬೇಡ, ಒಂದು ಕೈಚೀಲ ಸಾಕು. ವಸ್ತು ಚಿಕ್ಕದಾದಷ್ಟೂ ಕಾವಲುಗಾರನ ಕಷ್ಟ ದೊಡ್ಡದಾಗುತ್ತದೆ. ಕಾವಲು ಬೇಡವೆಂದು ನಾನು ಹೇಳುತ್ತಿಲ್ಲ. ಕಾವಲೊಂದೇ ಸಾಲದು ಎನ್ನುತ್ತಿದ್ದೇನೆ. ಕೊಳ್ಳುವವನಿರುವ ತನಕ ಮಾರುವವನು ದಾರಿ ಹುಡುಕುತ್ತಲೇ ಇರುತ್ತಾನೆ.

ಹಾಗಾದರೆ ಕೊಳ್ಳುವ ಬಯಕೆಯನ್ನು ಕಡಿಮೆ ಮಾಡುವುದು ಹೇಗೆ? ಇಲ್ಲಿಯೂ ಅಮೆರಿಕದ ಸೈನ್ಯವೇ ನಮಗೆ ಎರಡು ಪಾಠಗಳನ್ನು ಕೊಡುತ್ತದೆ.

ಮೊದಲನೆಯದು ವಿಯೆಟ್ನಾಂ ಯುದ್ಧದ್ದು. ಅಲ್ಲಿ ಹೆರಾಯಿನ್ ಅಗ್ಗವಾಗಿ ಸಿಗುತ್ತಿತ್ತು. ಸೈನಿಕರಲ್ಲಿ ವ್ಯಸನ ಹಬ್ಬಿದಾಗ, ಮೂತ್ರಪರೀಕ್ಷೆ ಆಗದೆ ಯಾರೂ ಮನೆಯ ವಿಮಾನ ಹತ್ತುವಂತಿಲ್ಲವೆಂದು 1971ರಲ್ಲಿ ಆಜ್ಞೆಯಾಯಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಆ ವರ್ಷ ಹಿಂದಿರುಗಿದ ಸೈನಿಕರನ್ನು ಭೇಟಿಮಾಡಿಸಿ ಅಧ್ಯಯನ ನಡೆಸಿದರು. ವಿಯೆಟ್ನಾಂನಲ್ಲಿ ತಾವು ವ್ಯಸನಿಗಳಾಗಿದ್ದೆವೆಂದು ಒಪ್ಪಿಕೊಂಡವರು ಸುಮಾರು ಶೇಕಡಾ 20 ಮಂದಿ. ಆದರೆ ಅವರಲ್ಲಿ ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇಕಡಾ 5ರಷ್ಟು ಮಾತ್ರ. ವ್ಯಸನ ಬಿಡುವುದು ಸುಲಭ ಎಂಬ ಅರ್ಥವನ್ನು ಇದಕ್ಕೆ ಹಚ್ಚಬಾರದು. ವ್ಯಸನದ ಒಂದು ಬೇರು ರಾಸಾಯನಿಕದಲ್ಲಿದ್ದರೆ ಇನ್ನೊಂದು ಬೇರು ಪರಿಸರದಲ್ಲಿದೆ ಎಂಬುದು ಇದರ ಅರ್ಥ. ಯುದ್ಧದ ಭಯ, ಬೇಸರ, ಒಂಟಿತನ ಹಿಂದುಳಿದವು. ಮನೆ, ಕೆಲಸ, ಬಂಧುಬಳಗ ಎದುರಾದವು. ಸುತ್ತಲಿನ ಬದುಕು ಬದಲಾದಾಗ ಬಯಕೆಯೂ ಬದಲಾಯಿತು.

ಎರಡನೆಯ ಪಾಠ ಶಿಸ್ತಿನದು. 1980ರ ಸಮೀಕ್ಷೆಯಲ್ಲಿ ಅಮೆರಿಕದ ಸೈನಿಕರಲ್ಲಿ ಶೇಕಡಾ 27.6 ಮಂದಿ ಹಿಂದಿನ 30 ದಿನಗಳೊಳಗೆ ಮಾದಕ ವಸ್ತು ಬಳಸಿದ್ದಾಗಿ ಹೇಳಿದ್ದರು. ಅಲ್ಲಿಂದಾಚೆಗೆ ಕಡ್ಡಾಯ ಪರೀಕ್ಷೆ ಬಿಗಿಯಾಯಿತು. 1992ರ ಹೊತ್ತಿಗೆ ಆ ಸಂಖ್ಯೆ ಶೇಕಡಾ 3.4ಕ್ಕೆ ಇಳಿಯಿತು. ದೊಡ್ಡ ಸಾಧನೆಯೇ ಸರಿ. ಆದರೆ ಸೈನ್ಯವು ಸಿಕ್ಕಿಬಿದ್ದವನನ್ನು ಸೇವೆಯಿಂದ ಹೊರಹಾಕಬಲ್ಲದು. ಒಂದು ಮನೆ ತನ್ನ ಮಗನನ್ನು, ಒಂದು ಊರು ತನ್ನ ಹುಡುಗರನ್ನು ಎಲ್ಲಿಗೆ ಹೊರಹಾಕೀತು? ಆದ್ದರಿಂದ ಶಿಬಿರದ ಶಿಸ್ತನ್ನು ಹಾಗೆಯೇ ಊರಿಗೆ ತರಲಾಗದು. ಊರು ತನ್ನದೇ ದಾರಿಯನ್ನು ಕಂಡುಕೊಳ್ಳಬೇಕು.

ಸಮವಸ್ತ್ರದವರು ತರಗತಿಗೆ ಬಂದು ಬುದ್ಧಿ ಹೇಳಿದರೆ ಸಾಕೆಂಬ ನಂಬಿಕೆ ಬಹಳ ಕಾಲ ಇತ್ತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಡೇರ್ ಎಂಬ ಯೋಜನೆಯಲ್ಲಿ ಪೊಲೀಸರೇ ಪಾಠ ಮಾಡುತ್ತಿದ್ದರು. ಅದು ದೇಶದ ತುಂಬ ಹಬ್ಬಿತು. ಆದರೆ ಮಕ್ಕಳ ಮಾದಕ ಸೇವನೆಯ ಮೇಲೆ ಅದರ ಪರಿಣಾಮ ಅತ್ಯಲ್ಪ ಎಂದು 1994ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಉಪನ್ಯಾಸ ಕೇಳುವುದಕ್ಕಿಂತ, ಗೆಳೆಯರೆದುರು "ಬೇಡ" ಎನ್ನುವುದನ್ನು ತಾವೇ ಅಭ್ಯಾಸ ಮಾಡುವ ಪಾಠಗಳು ಮೇಲೆಂದು ಕಂಡುಬಂತು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಪ್ರಯೋಗ 2003ರಲ್ಲಿ ಆರಂಭವಾಯಿತು. ಏಳು ರಾಜ್ಯಗಳ 24 ಸಣ್ಣ ಪಟ್ಟಣಗಳನ್ನು ಆರಿಸಿ, ಅರ್ಧದಷ್ಟು ಕಡೆ ಊರಿನವರದೇ ಸಮಿತಿಗಳನ್ನು ರಚಿಸಿದರು. ಅವರು ಮೊದಲು ತಮ್ಮ ಊರಿನ ಮಕ್ಕಳನ್ನೇ ಕೇಳಿ ಸಮಸ್ಯೆ ಎಲ್ಲಿದೆ ಎಂದು ತಿಳಿದುಕೊಂಡರು. ಅದಕ್ಕೆ ತಕ್ಕ, ಪರೀಕ್ಷಿಸಿ ನೋಡಿದ ಕಾರ್ಯಕ್ರಮಗಳನ್ನು ಆರಿಸಿಕೊಂಡರು. ಕೆಲವು ವರ್ಷಗಳ ನಂತರ ಹೋಲಿಸಿದಾಗ, ಸಮಿತಿಗಳಿದ್ದ ಊರುಗಳಲ್ಲಿ ಮದ್ಯ ಮತ್ತು ತಂಬಾಕು ಆರಂಭಿಸಿದ ಮಕ್ಕಳು ಕಡಿಮೆಯಿದ್ದರು. ವಿಜ್ಞಾನದ ಪ್ರಯೋಗಾಲಯದಲ್ಲಿ ನೀವು ಮಾಡುವ ಹೋಲಿಕೆಯ ಪ್ರಯೋಗವೇ ಇದು. ಇಲ್ಲಿ ಊರೇ ಪ್ರಯೋಗಾಲಯ. 1997ರ ಕಾಯಿದೆಯೊಂದರ ಅಡಿಯಲ್ಲಿ ಇಂತಹ ಸಮಿತಿಗಳಿಗೆ ಅಮೆರಿಕದ ಸರ್ಕಾರ ಅನುದಾನ ಕೊಡುತ್ತಿದೆ. ಒಂದು ಷರತ್ತು: ಪೋಷಕರು, ಶಾಲೆ, ವೈದ್ಯರು, ವ್ಯಾಪಾರಿಗಳು, ಧಾರ್ಮಿಕ ಸಂಸ್ಥೆಗಳು, ಮಾಧ್ಯಮ, ಪೊಲೀಸರು ಮುಂತಾದ 12 ವರ್ಗಗಳ ಜನ ಅದರಲ್ಲಿರಬೇಕು. ಆ ಹನ್ನೆರಡರಲ್ಲಿ ಒಂದು ವರ್ಗ ಯುವಜನರದು. ಇಂತಹ ಸಮಿತಿಗಳಿಗೆ ನ್ಯಾಷನಲ್ ಗಾರ್ಡ್ ಕೂಡ ನೆರವಾಗಿದೆ. ಅಲ್ಲಿ ಯೋಧ ಆಜ್ಞೆ ಕೊಡುವವನಲ್ಲ. ಯೋಜನೆ ಹಾಕುವುದು, ಮಾಹಿತಿ ಕೂಡಿಸುವುದು ಇಂಥ ಕೆಲಸಗಳಿಗೆ ಕೈಜೋಡಿಸುವವನು.

ನಮ್ಮ ದೇಶದಲ್ಲೂ ಸೈನ್ಯದ ನೆರವಿಗೆ ಉದಾಹರಣೆಗಳಿವೆ. 2023ರ ಮೇ ತಿಂಗಳಲ್ಲಿ ಭಾರತೀಯ ನೌಕಾಪಡೆ ಮತ್ತು ಮಾದಕ ವಸ್ತು ನಿಯಂತ್ರಣ ಬ್ಯೂರೋ ಕೂಡಿ ಹಿಂದೂ ಮಹಾಸಾಗರದಲ್ಲಿ ಸುಮಾರು 2,500 ಕಿಲೋ ಮೆಥಾಂಫೆಟಮಿನ್ ಹಿಡಿದು ಕೊಚ್ಚಿಗೆ ತಂದವು. 2024ರ ಫೆಬ್ರವರಿಯಲ್ಲಿ ಗುಜರಾತಿನ ಕರಾವಳಿಯಾಚೆ ಸುಮಾರು 3,300 ಕಿಲೋ ಮಾದಕ ವಸ್ತು ಸಿಕ್ಕಿತು. ಎರಡೂ ಸಲ ನೌಕಾಪಡೆಯ ಬಲ ಸಮುದ್ರದಲ್ಲಿ ಕೆಲಸಕ್ಕೆ ಬಂತು. ಆದರೆ ದಡದ ಮೇಲಿನ ಪ್ರಶ್ನೆ, ಅಂದರೆ ನಮ್ಮ ಹುಡುಗರು ಅದನ್ನು ಬಯಸುತ್ತಾರೆಯೇ ಎಂಬ ಪ್ರಶ್ನೆ, ಯಾವ ಹಡಗಿನ ವ್ಯಾಪ್ತಿಗೂ ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಪ್ರತಿವರ್ಷ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನದ ಅಂಗವಾಗಿ ನಿಮ್ಮಲ್ಲಿ ಹಲವರು ಎನ್.ಸಿ.ಸಿ. ಅಥವಾ ಎನ್.ಎಸ್.ಎಸ್. ತಂಡದೊಡನೆ ಜಾಥಾ ಹೊರಟಿರಬಹುದು. ಒಳ್ಳೆಯದು. ಆದರೆ ಜೂನ್ 27ರಂದು ಏನು? ತರಗತಿಗೆ ಬರುವುದನ್ನು ಬಿಟ್ಟ ಗೆಳೆಯ, ಕಾರಣವಿಲ್ಲದೆ ಹಣ ಕೇಳುವ ರೂಮ್‌ಮೇಟ್, ಮೊದಲಿನಂತೆ ನಗದ ಅಣ್ಣ, ಇವರನ್ನು ಮೊದಲು ಕಾಣುವವರು ನೀವು. ಅವಗೆಂಪು ಕ್ಯಾಮೆರಾಕ್ಕೆ ಅವರು ಬರಿಯ ಶಾಖದ ಆಕೃತಿಗಳು. ನಿಮಗೆ ಅವರ ಹೆಸರು ಗೊತ್ತು. ಅಂಥವರನ್ನು ದೂರವಿಡಬೇಡಿ, ಹೆದರಿಸಲೂ ಬೇಡಿ. ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಹೇಳಿದರೆ ಪೊಲೀಸರ ಕೈಗೆ ಸಿಕ್ಕಿಬೀಳುತ್ತೇವೆಂಬ ಭಯ ಹಲವರದು. 1985ರ ನಮ್ಮ ಮಾದಕ ವಸ್ತು ಕಾಯಿದೆಯ 64ಎ ಕಲಂ ಈ ಭಯಕ್ಕೆ ಉತ್ತರ ಕೊಡುತ್ತದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಆತನಿಗೆ ಮೊಕದ್ದಮೆಯಿಂದ ರಕ್ಷಣೆಯಿದೆ.

ಗಡಿಯನ್ನು ಸೈನಿಕರು ಕಾಯಲಿ, ಕಾನೂನನ್ನು ಪೊಲೀಸರು ನೋಡಿಕೊಳ್ಳಲಿ. ಪಕ್ಕದ ಬೆಂಚಿನಲ್ಲಿ ಕುಳಿತವನನ್ನು ನೋಡಿಕೊಳ್ಳುವ ಕೆಲಸವನ್ನು ಮಾತ್ರ ಅವರಿಬ್ಬರಿಗೂ ಒಪ್ಪಿಸಲಾಗದು. ಅದು ನಮ್ಮದೇ ಕೆಲಸ.