ಬ್ಯಾಟರಿಯೊಳಗಿನ ತೆಳು ಪೊರೆ

ಐಟಿಯವಳು ಎಂದ ಕೂಡಲೇ ಆನ್‌ಲೈನ್ ವಂಚನೆಯ ಬಗ್ಗೆ ಮಾತಾಡುತ್ತಾಳೆ ಅಂದುಕೊಂಡಿರಬಹುದು. ಇವತ್ತು ಅದು ಬೇಡ. ಎಂ.ಟೆಕ್ ಓದುವಾಗ ನನ್ನ ಪ್ರಾಜೆಕ್ಟ್ ಆಗಿದ್ದ ಒಂದು ಪೊರೆಯ ವಿಷಯ ಹೇಳುತ್ತೇನೆ.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್ ಸಾಮರ್ಥ್ಯದ್ದು. ಆದರೆ ನಾವು ಮನೆಗೆ ಬಂದು ಮಿಕ್ಸಿ, ಟಿವಿ, ಎಸಿ ಹಾಕುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕಾದಿಡುವ ದಾರಿಗಳಲ್ಲಿ ಫ್ಲೋ ಬ್ಯಾಟರಿಯೂ ಒಂದು. ಎರಡು ಟ್ಯಾಂಕ್, ಎರಡರಲ್ಲೂ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿದ ವೆನೇಡಿಯಂ. ಪಂಪುಗಳು ಅವನ್ನು ನಡುವಿನ ಸೆಲ್‌ಗೆ ತಳ್ಳುತ್ತವೆ. ಹೆಚ್ಚು ಹೊತ್ತು ವಿದ್ಯುತ್ ಬೇಕೆ? ಟ್ಯಾಂಕ್ ದೊಡ್ಡದು ಮಾಡಿದರಾಯಿತು. 1980ರ ದಶಕದಲ್ಲಿ ಇದನ್ನು ರೂಪಿಸಿದವರು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ಮತ್ತು ಅವರ ತಂಡ. ಗ್ರೀಸ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಆಸ್ಟ್ರೇಲಿಯಾಕ್ಕೆ ಹೋದವರು. ಊರು ಬಿಟ್ಟು ಬಂದ ನಮಗೆ ಹತ್ತಿರದವರು ಅನಿಸುವುದಿಲ್ಲವೇ?

ಸೆಲ್‌ನೊಳಗೆ ಎರಡು ದ್ರವಗಳನ್ನು ಬೇರ್ಪಡಿಸುವುದು ಕಾಗದದಷ್ಟು ತೆಳುವಾದ ಪಾಲಿಮರ್ ಪೊರೆ. ಅದು ಪ್ರೋಟಾನ್‌ಗಳನ್ನು ಸಲೀಸಾಗಿ ಬಿಡಬೇಕು, ಇಲ್ಲದಿದ್ದರೆ ವಿದ್ಯುತ್ ಹರಿಯದು. ವೆನೇಡಿಯಂ ಅಯಾನುಗಳನ್ನು ತಡೆಯಬೇಕು, ದಾಟಿದರೆ ಕೂಡಿಟ್ಟ ಶಕ್ತಿ ಅಲ್ಲೇ ಪೋಲು. 1960ರ ದಶಕದಲ್ಲಿ ಡುಪಾಂಟ್ ತಯಾರಿಸಿದ ನಾಫಿಯಾನ್ ಇಂದಿಗೂ ಇಲ್ಲಿ ಹಿರಿಯಕ್ಕ. ಆಮ್ಲಕ್ಕೆ ಜಗ್ಗದು, ಆದರೆ ದುಬಾರಿ, ವೆನೇಡಿಯಂಗೂ ಸ್ವಲ್ಪ ದಾರಿ ಬಿಡುತ್ತದೆ. ಮೇಲಾಗಿ ಪರಿಸರದಲ್ಲಿ ಸುಲಭವಾಗಿ ಕರಗದ ಫ್ಲೋರಿನ್ ಸಂಯುಕ್ತಗಳ ಬಳಗಕ್ಕೆ ಸೇರಿದ್ದು.

ನನ್ನ ಕೆಲಸ ಫ್ಲೋರಿನ್ ಇಲ್ಲದ ಅಗ್ಗದ ಪೊರೆಯ ಮೇಲೆ. ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ಗೆ ಸಲ್ಫೋನಿಕ್ ಗುಂಪುಗಳನ್ನು ಜೋಡಿಸಿದರೆ ಅದು ನೀರು ಹೀರಿ ಪ್ರೋಟಾನ್ ಸಾಗಿಸುತ್ತದೆ. ಹೆಚ್ಚು ಜೋಡಿಸಿದಷ್ಟೂ ಚುರುಕು. ಅತಿಯಾದರೆ ನೆನೆದ ಅವಲಕ್ಕಿಯಂತೆ ಉಬ್ಬಿ ಮೆತ್ತಗಾಗುತ್ತದೆ. ಎಷ್ಟು ಸಾಕು ಎಂದು ಕಂಡುಕೊಳ್ಳುವುದರಲ್ಲೇ ಒಂದು ಸೆಮಿಸ್ಟರ್ ಕಳೆಯಿತು.

ಆಮೇಲೆ ಅಗ್ನಿಪರೀಕ್ಷೆ. ಪೂರ್ತಿ ಚಾರ್ಜ್ ಆದಾಗ ಧನ ಬದಿಯ ವೆನೇಡಿಯಂ ಹಳದಿ ಬಣ್ಣಕ್ಕೆ ತಿರುಗುತ್ತದೆ. ಮಹಾ ದಾಹಿ, ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಪೊರೆಯ ತುಣುಕುಗಳನ್ನು ಅದರಲ್ಲಿ ಮುಳುಗಿಸಿಟ್ಟು ಕಾಯುತ್ತಿದ್ದೆ. ದ್ರವ ಹಸಿರಾಗತೊಡಗಿದರೆ ಪೊರೆ ಸವೆಯುತ್ತಿದೆ ಎಂದರ್ಥ. ಕೆಲವು ವಾರಗಳಲ್ಲಿ ತುಣುಕುಗಳು ಹಪ್ಪಳದಂತೆ ಮುರಿಯುತ್ತಿದ್ದವು, ಮೊದಲ ದಿನ ಎಲ್ಲಕ್ಕಿಂತ ಚುರುಕಾಗಿದ್ದವೇ ಮೊದಲು. ಅದಕ್ಕೇ ಹೊಸ ಪೊರೆಯ ಸುದ್ದಿ ಓದಿದಾಗ ವಾಹಕತೆಯ ಅಂಕಿಗಿಂತ ಮೊದಲು, ಆಮ್ಲದಲ್ಲಿ ಎಷ್ಟು ದಿನ ಬಾಳಿತು ಎಂದು ಹುಡುಕುತ್ತೇನೆ.

ಈಗ ನನಗೆ ಭರವಸೆ ಇರುವುದು ಪಿಬಿಐ ಎಂಬ ಪಾಲಿಮರ್ ಮೇಲೆ. ವೆನೇಡಿಯಂ ಅನ್ನು ಚೆನ್ನಾಗಿ ತಡೆಯುತ್ತದೆ, ಪ್ರೋಟಾನ್ ವಿಷಯದಲ್ಲಿ ಮಾತ್ರ ಜಿಪುಣಿ. ಹಾಗಾಗಿ ಅದನ್ನು ತೀರಾ ತೆಳುವಾಗಿ, ರಂಧ್ರಗಳುಳ್ಳ ಗಟ್ಟಿ ಹಾಳೆಯ ಮೇಲೆ ಹರಡಿ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಕೇಳಿ, ಎಲೆ ಹಾಕುವ ಸದ್ದು ಆಗಲೇ ಕೇಳಿಸುತ್ತಿದೆ.