ಕಡಲಿಗೆ ಕಾಲ್ನಡಿಗೆ

ಆಗಸ್ಟ್ 29ರಂದು ಕಡಲತೀರದ ವೇಲಾಂಕಣಿಯಲ್ಲಿ ಮೇರಿ ಮಾತೆಯ ಧ್ವಜ ಏರುತ್ತದೆ. ಸೆಪ್ಟೆಂಬರ್ 8ಕ್ಕೆ ಹಬ್ಬ. ಆ ಹೊತ್ತಿಗೆ ಮುಟ್ಟಲು ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ನಡೆದೇ ಹೋಗುವ ಹರಕೆಯವರಿದ್ದಾರೆ. ಮೈಮೇಲೆ ಕಾವಿ ಬಟ್ಟೆ, ಕೊರಳಲ್ಲಿ ಜಪಸರ. ನಮ್ಮ ವಿಜಯನಗರ, ರಾಜಾಜಿನಗರದವರಿಗೆ ಈ ನೋಟ ಹೊಸದೇನಲ್ಲ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ಹೊರಡುವವರೂ ಹೀಗೇ ಬ್ಯಾಗು ಹೆಗಲಿಗೇರಿಸುತ್ತಾರೆ. ಅವರು ಪೂರ್ವದ ಕಡಲಿಗೆ, ಇವರು ಪಶ್ಚಿಮದ ಘಟ್ಟಕ್ಕೆ. ಅಂಗಾಲಿನ ಬೊಬ್ಬೆಗೆ ಮಾತ್ರ ದಿಕ್ಕಿನ ಹಂಗಿಲ್ಲ. ನಡೆಯುತ್ತ ನಡೆಯುತ್ತ ಹರಕೆಯೇ ಮರೆತುಹೋಗುತ್ತದಂತೆ; ನೆರಳು, ನೀರು, ಮುಂದಿನ ಊರು, ಇಷ್ಟೇ ನೆನಪು. ಭಕ್ತಿ ಶುರುವಾಗುವುದೇ ಆಗ ಅನ್ನಿಸುತ್ತದೆ ನನಗೆ. ಬೇಡಿಕೆಗಳ ಪಟ್ಟಿ ಹಿಡಿದು ಹೊರಟವರು, ದಾರಿಬದಿಯಲ್ಲಿ ಮಜ್ಜಿಗೆ ಕೊಟ್ಟವರಿಗಾಗಿಯೂ ಒಂದು ಜಪಸರ ಮಾಡುತ್ತಾರೆ. ಬಸ್ಸು ಹತ್ತಿದವರಿಗೆ ಆ ಮಜ್ಜಿಗೆ ಎಲ್ಲಿ ಸಿಗಬೇಕು?