ಇಳಿಯದ ಜ್ವರ, ಕೆಂಪು ತುಟಿ: ಕಾವಾಸಾಕಿ ಕಾಯಿಲೆ



ಮಕ್ಕಳಿರುವ ಮನೆಯಲ್ಲಿ ಜ್ವರ ಹೊಸದಲ್ಲ. ಹೆಚ್ಚಿನವು ಮೂರು ನಾಲ್ಕು ದಿನಕ್ಕೆ ಇಳಿಯುತ್ತವೆ. ಇಂದು ನಾನು ಹೇಳಹೊರಟಿರುವುದು ಹಾಗೆ ಇಳಿಯದ ಒಂದು ಜ್ವರದ ವಿಚಾರ. ಹೆಸರು ಕಾವಾಸಾಕಿ ಕಾಯಿಲೆ. ಬೈಕಿಗೂ ಇದಕ್ಕೂ ಸಂಬಂಧವಿಲ್ಲ! ಜಪಾನಿನ ಮಕ್ಕಳ ತಜ್ಞ ಡಾ. ತೊಮಿಸಾಕು ಕಾವಾಸಾಕಿ 1961ರಲ್ಲಿ ನಾಲ್ಕು ವರ್ಷದ ಹುಡುಗನಲ್ಲಿ ಇದನ್ನು ಮೊದಲು ಗಮನಿಸಿದರು. 1967ರಲ್ಲಿ ಇಂಥ 50 ಮಕ್ಕಳ ವಿವರ ಪ್ರಕಟಿಸಿದರು.

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂದು ನಾವು ನಂಬಿದ್ದೇವೆ. ಟಾನಿಕ್ಕುಗಳ ಜಾಹೀರಾತೂ ಅದನ್ನೇ ಹೇಳುತ್ತದೆ. ಇಲ್ಲಿ ಮಾತ್ರ ಕಾವಲುಗಾರನೇ ಮನೆಯ ಮೇಲೆ ಕೈ ಮಾಡುತ್ತಾನೆ. ಯಾವುದೋ ಸೋಂಕು ಕಿಡಿ ಹಚ್ಚುತ್ತದೆ ಎಂಬುದು ತಜ್ಞರ ಊಹೆ. ಆ ಸೋಂಕು ಯಾವುದೆಂದು ಇನ್ನೂ ಖಚಿತವಾಗಿಲ್ಲ. ಕೆರಳಿದ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯೊಳಗೆ ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳಗಳಿಗೆ ಇದರ ಪೆಟ್ಟು ಹೆಚ್ಚು. ಗೋಡೆ ಸಡಿಲವಾಗಿ, ಹಳೆಯ ಸೈಕಲ್ ಟ್ಯೂಬಿನಂತೆ ಅಲ್ಲಲ್ಲಿ ಉಬ್ಬುತ್ತದೆ. ಉಬ್ಬಿದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪುಟ್ಟ ಮಗುವಿಗೂ ಹೃದಯಾಘಾತ ಆಗಬಹುದು.

ಗುರುತಿಸುವುದು ಹೇಗೆ? ಐದು ದಿನ ದಾಟಿದ ಜ್ವರ. ಪಿಸುರಿಲ್ಲದೆ ಕೆಂಪಾದ ಎರಡೂ ಕಣ್ಣು. ಒಡೆದ ಕೆಂಪು ತುಟಿ, ಸ್ಟ್ರಾಬೆರಿಯಂಥ ನಾಲಿಗೆ. ಮೈಮೇಲೆ ದದ್ದು, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಂಟು. ಬೆರಳ ತುದಿಯ ಚರ್ಮ ಸುಲಿಯುವುದು ಆಮೇಲೆ, ಅದಕ್ಕಾಗಿ ಕಾಯಬಾರದು. ಇವೆಲ್ಲ ಒಂದೇ ದಿನ ಕಾಣುವುದಿಲ್ಲ, ಬಂದು ಹೋಗುತ್ತವೆ. ಆದ್ದರಿಂದ ಜ್ವರ ಬಂದ ತಾರೀಕು ಬರೆದಿಡಿ, ದದ್ದಿನ ಫೋಟೋ ಮೊಬೈಲಿನಲ್ಲಿರಲಿ. ಹೊಸ ಊರಿನಲ್ಲಿ, ಬಾರದ ಭಾಷೆಯಲ್ಲಿ ಡಾಕ್ಟರಿಗೆ ವಿವರಿಸಬೇಕಾದ ನಮಗೆ ಅದು ಇನ್ನೂ ಅಗತ್ಯ. ವರ್ಷ ತುಂಬದ ಕೂಸುಗಳಲ್ಲಿ ಲಕ್ಷಣ ಅರ್ಧಂಬರ್ಧ, ಹೃದಯದ ಅಪಾಯ ಮಾತ್ರ ಹೆಚ್ಚು.

ಮೋಸ ಎಲ್ಲಿದೆಯೆಂದರೆ, ಚಿಕಿತ್ಸೆ ಕೊಡದಿದ್ದರೂ ಎರಡು ಮೂರು ವಾರದಲ್ಲಿ ಜ್ವರ ತಾನೇ ಇಳಿಯುತ್ತದೆ. ಮನೆಯವರು ದೃಷ್ಟಿ ತೆಗೆದು ನಿರಾಳರಾಗುತ್ತಾರೆ. ಆದರೆ ಚಿಕಿತ್ಸೆಯಿಲ್ಲದ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರ ಕರೋನರಿ ನಾಳಕ್ಕೆ ಹಾನಿ ಆಗಿರುತ್ತದೆ. ಹತ್ತು ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್ ಡ್ರಿಪ್ ಕೊಟ್ಟರೆ ಈ ಪ್ರಮಾಣ ಇಪ್ಪತ್ತಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಔಷಧ ಅದು. ಮಗುವಿನ ತೂಕದ ಕಿಲೋಗೆ ಎರಡು ಗ್ರಾಂ ಲೆಕ್ಕ. ದುಬಾರಿ ನಿಜ, ಆದರೆ ತಡ ಮಾಡುವ ಔಷಧವಲ್ಲ. ಜೊತೆಗೆ ಆಸ್ಪಿರಿನ್ ಕೊಡುತ್ತಾರೆ. ಸಾಮಾನ್ಯವಾಗಿ ಮಕ್ಕಳಿಗೆ ಕೂಡದ ಮಾತ್ರೆ, ವೈದ್ಯರು ಹೇಳದೆ ಮನೆಯಲ್ಲಿ ಕೊಡಲೇಬೇಡಿ.

ಹೃದಯದ ಎಕೋ ಪರೀಕ್ಷೆ ಒಮ್ಮೆ ಮಾಡಿಸಿದರೆ ಮುಗಿಯದು. ಸಾಮಾನ್ಯವಾಗಿ ಎರಡನೆಯ ವಾರ, ಆರನೆಯ ವಾರದ ಹೊತ್ತಿಗೆ ಮತ್ತೆ ಮಾಡುತ್ತಾರೆ. ಡ್ರಿಪ್ ಪಡೆದ ಮಗುವಿಗೆ ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆಗಳನ್ನು ಸುಮಾರು 11 ತಿಂಗಳು ಮುಂದೂಡುವುದು ವಾಡಿಕೆ. ಪುಣೆಯಿಂದ ಹೈದರಾಬಾದಿಗೋ ದೆಹಲಿಗೋ ವರ್ಗವಾದಾಗ ಎಕೋ ವರದಿಗಳ ಫೈಲನ್ನು ಲಾರಿಯ ಸಾಮಾನಿನಲ್ಲಿ ಸೇರಿಸದೆ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ.